ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಮಸಾಜ್ ಥೆರಪಿ ಕಲಿಯುವುದು: ಲೈಸೆನ್ಸ್‌ನಿಂದ ಹಿಂದಕ್ಕೆ, ಹೆಜ್ಜೆ ಹೆಜ್ಜೆಯಾಗಿ

ಕೋರ್ಸ್ ಮುಗಿದಿದೆ, ಸರ್ಟಿಫಿಕೇಟ್ ಕೈಯಲ್ಲಿದೆ, ಆದರೆ ಕೆಲಸ ಮಾಡುವ ಹಾಗಿಲ್ಲ. ಇಂಥ ಫೋನ್ ನನಗೆ ಮತ್ತೆ ಮತ್ತೆ ಬರುತ್ತದೆ. ಒಬ್ಬರು ಟೆಕ್ಸಸ್‌ನಲ್ಲಿ ಕಲಿತು ಮುಗಿಸುವಷ್ಟರಲ್ಲಿ ಗಂಡನಿಗೆ ನ್ಯೂಯಾರ್ಕ್‌ಗೆ ಟ್ರಾನ್ಸ್‌ಫರ್ ಆಯಿತು. ಅಲ್ಲಿ ಬೇಕಾದ ಗಂಟೆಗಳಲ್ಲಿ ಇವರ ಹತ್ತಿರ ಇದ್ದದ್ದು ಅರ್ಧ ಮಾತ್ರ. ಇನ್ನೊಬ್ಬರು ಪರೀಕ್ಷೆಗೆ ಹೋದರೆ ಐಡಿಯಲ್ಲಿ ಒಂದು ಹೆಸರು, ನೋಂದಣಿಯಲ್ಲಿ ಇನ್ನೊಂದು. ಮತ್ತೊಬ್ಬರಿಗೆ ಎಲ್ಲ ಸರಿ ಇತ್ತು, ಹೆಬ್ಬೆರಳು ಮಾತ್ರ ಕೈಕೊಟ್ಟಿತ್ತು.

ಇವರಲ್ಲಿ ಯಾರಿಗೂ ಬುದ್ಧಿ ಕಡಿಮೆ ಇರಲಿಲ್ಲ, ಶ್ರಮವೂ ಕಡಿಮೆ ಇರಲಿಲ್ಲ. ಕ್ರಮ ತಪ್ಪಿತ್ತು ಅಷ್ಟೇ. ಕಾಲೇಜಿನಿಂದ ಶುರು ಮಾಡಿ ಲೈಸೆನ್ಸ್ ಕಡೆ ಹೋದರು. ಲೈಸೆನ್ಸ್‌ನಿಂದ ಶುರು ಮಾಡಿ ಕಾಲೇಜಿನ ಕಡೆ ಬರಬೇಕಿತ್ತು. ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

## ಹಂತ 1: ಮೊದಲು ರಾಜ್ಯದ ಬೋರ್ಡ್

ಅಮೆರಿಕದಲ್ಲಿ ಮಸಾಜ್ ಲೈಸೆನ್ಸ್ ಕೊಡುವುದು ರಾಜ್ಯ ಸರ್ಕಾರ. ದೇಶಕ್ಕೆಲ್ಲ ಒಂದೇ ಲೈಸೆನ್ಸ್ ಅಂತ ಇಲ್ಲ. ಎಷ್ಟು ಗಂಟೆ ಕಲಿತಿರಬೇಕು ಅನ್ನುವುದೂ ರಾಜ್ಯಕ್ಕೆ ತಕ್ಕಂತೆ ಬದಲಾಗುತ್ತದೆ. ಟೆಕ್ಸಸ್‌ನಲ್ಲಿ 500 ಗಂಟೆ. ಇಲಿನಾಯ್‌ನಲ್ಲಿ 600. ನ್ಯೂಯಾರ್ಕ್‌ನಲ್ಲಿ 1000. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಲೈಸೆನ್ಸೇ ಇಲ್ಲ. ಅಲ್ಲಿ ಸಿಎಎಂಟಿಸಿ ಅನ್ನುವ ಸಂಸ್ಥೆ 500 ಗಂಟೆ ಕಲಿತವರಿಗೆ ಪ್ರಮಾಣಪತ್ರ ಕೊಡುತ್ತದೆ. ಅದು ಕಡ್ಡಾಯವಲ್ಲ ಅಂತ ಕಾಗದದ ಮೇಲಿದ್ದರೂ ಎಷ್ಟೋ ಊರುಗಳ ನಿಯಮಗಳು, ಕೆಲಸ ಕೊಡುವವರು ಅದನ್ನೇ ಕೇಳುತ್ತಾರೆ.

ನಿಮ್ಮ ರಾಜ್ಯದ ಬೋರ್ಡ್ ಅಥವಾ ಇಲಾಖೆಯ ವೆಬ್‌ಸೈಟ್ ತೆರೆಯಿರಿ. ಟೆಕ್ಸಸ್‌ನಲ್ಲಿ ಅದು ಟಿಡಿಎಲ್‌ಆರ್, ಇಲಿನಾಯ್‌ನಲ್ಲಿ ಐಡಿಎಫ್‌ಪಿಆರ್. ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ಒಟ್ಟು ಗಂಟೆ, ವಿಷಯವಾರು ಗಂಟೆ, ಯಾವ ಪರೀಕ್ಷೆ, ಮಾನ್ಯತೆ ಇರುವ ಶಾಲೆಗಳ ಪಟ್ಟಿ.

ವಿಷಯವಾರು ಲೆಕ್ಕವನ್ನು ಜನ ಬಿಟ್ಟುಬಿಡುತ್ತಾರೆ. ಟೆಕ್ಸಸ್‌ನ 500 ಗಂಟೆಯಲ್ಲಿ 200 ಗಂಟೆ ಮಸಾಜ್ ತಂತ್ರ, 50 ಕಿನಿಸಿಯಾಲಜಿ (ದೇಹದ ಚಲನೆಯ ಶಾಸ್ತ್ರ), 40 ಪೆಥಾಲಜಿ (ರೋಗಗಳ ಪಾಠ), 50 ಇಂಟರ್ನ್‌ಶಿಪ್, ಹೀಗೆ ಒಂದೊಂದಕ್ಕೂ ಪಾಲು ಇದೆ. ಒಟ್ಟು 500 ಮುಟ್ಟಿದರೂ ಒಂದು ಪಾಲು ಕಡಿಮೆಯಾದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಮುಂದಿನ ಎರಡು ಮೂರು ವರ್ಷದಲ್ಲಿ ಬೇರೆ ರಾಜ್ಯಕ್ಕೆ ಹೋಗುವ ಸಾಧ್ಯತೆ ಇದೆಯಾ? ನಮ್ಮ ಮನೆಗಳಲ್ಲಿ ಇದು ದೊಡ್ಡ ಪ್ರಶ್ನೆ. ಹೌದು ಅಂತಾದರೆ ಆ ರಾಜ್ಯದ ಹಾಳೆಯನ್ನೂ ಬರೆದಿಡಿ. ಎರಡರಲ್ಲಿ ಜಾಸ್ತಿ ಗಂಟೆ ಕೇಳುವ ರಾಜ್ಯವನ್ನು ಗುರಿಯಾಗಿ ಇಟ್ಟುಕೊಳ್ಳಿ.

## ಹಂತ 2: ನಿಮ್ಮ ವೀಸಾ ಏನು ಬಿಡುತ್ತದೆ, ಏನು ಬಿಡುವುದಿಲ್ಲ

ಎಚ್-4ನಲ್ಲಿ (ಎಚ್-1ಬಿ ಕೆಲಸಗಾರರ ಮನೆಯವರ ವೀಸಾ) ಇರುವವರು ಓದಬಹುದು. ಅದಕ್ಕೆ ಎಫ್-1, ಅಂದರೆ ವಿದ್ಯಾರ್ಥಿ ವೀಸಾ, ಮಾಡಿಸಿಕೊಳ್ಳಬೇಕಾಗಿಲ್ಲ. ಪಾರ್ಟ್ ಟೈಮ್ ಕೂಡ ಓದಬಹುದು. ಕೆಲಸದ ಮಾತು ಬೇರೆ. ಇಎಡಿ ಕಾರ್ಡ್ (ಕೆಲಸದ ಅನುಮತಿ ಪತ್ರ) ಇಲ್ಲದೆ ಎಚ್-4ನಲ್ಲಿ ದುಡಿಯುವಂತಿಲ್ಲ. ಗಂಡ ಅಥವಾ ಹೆಂಡತಿಯ ಐ-140 (ಗ್ರೀನ್ ಕಾರ್ಡ್‌ಗಾಗಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಸಾಮಾನ್ಯವಾಗಿ ಇಎಡಿಗೆ ಅರ್ಜಿ ಹಾಕಬಹುದು. ಎಲ್-2 ವೀಸಾದಲ್ಲಿರುವ (ಕಂಪನಿಯೊಳಗೇ ವರ್ಗವಾಗಿ ಬಂದವರ) ಸಂಗಾತಿಗಳಿಗೆ 2021ರ ನವೆಂಬರ್‌ನಿಂದ ಪ್ರತ್ಯೇಕ ಇಎಡಿ ಇಲ್ಲದೆಯೂ ಕೆಲಸದ ಹಕ್ಕಿದೆ.

ಗೆಳತಿಯ ಭುಜ ಹಿಡಿದುಕೊಂಡಿದೆ, ಒತ್ತಿಕೊಟ್ಟಿರಿ, ಅವಳು ಪ್ರೀತಿಯಿಂದ 20 ಡಾಲರ್ ಕೈಗಿಟ್ಟಳು. ದಯವಿಟ್ಟು ತೆಗೆದುಕೊಳ್ಳಬೇಡಿ. ವೀಸಾ ನಿಯಮದಲ್ಲಿ ಅದು ದುಡಿಮೆ. ಲೈಸೆನ್ಸ್ ಕಡ್ಡಾಯ ಇರುವ ರಾಜ್ಯಗಳಲ್ಲಿ, ಲೈಸೆನ್ಸ್ ಇಲ್ಲದೆ ಹಣಕ್ಕೆ ಮಸಾಜ್ ಮಾಡಿದ ತಪ್ಪೂ ಸೇರಿಕೊಳ್ಳುತ್ತದೆ. ವೀಸಾ ವಿಷಯದಲ್ಲಿ ಅನುಮಾನ ಬಂದರೆ ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ, ಇಮಿಗ್ರೇಷನ್ ವಕೀಲರನ್ನು ಕೇಳಿ.

## ಹಂತ 3: ಕಾಲೇಜಿಗೆ ಹೋಗಿ ಕೇಳಬೇಕಾದ ಪ್ರಶ್ನೆಗಳು

ಎಲ್ಲ ಕಮ್ಯುನಿಟಿ ಕಾಲೇಜುಗಳಲ್ಲೂ (ಆಯಾ ಊರಿನವರಿಗಾಗಿ ಇರುವ ಎರಡು ವರ್ಷದ ಸರ್ಕಾರಿ ಕಾಲೇಜು) ಈ ಕೋರ್ಸ್ ಇಲ್ಲ. ಇರುವ ಕಡೆ ಸಾಮಾನ್ಯವಾಗಿ ಎರಡರಿಂದ ಮೂರು ಸೆಮಿಸ್ಟರ್‌ನ ಸರ್ಟಿಫಿಕೇಟ್ ಇರುತ್ತದೆ. ಕೆಲವು ಕಡೆ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯೂ ಉಂಟು. ಇಂಥ ಕೋರ್ಸ್‌ಗಳು ಕೆಲವೊಮ್ಮೆ ನಿಂತೂ ಹೋಗುತ್ತವೆ. ಹಾಗಾಗಿ ಹಳೆಯ ಬ್ರೋಷರ್ ನಂಬದೆ ಈ ವರ್ಷದ ಕ್ಯಾಟಲಾಗ್ ನೋಡಿ.

ಆಮೇಲೆ ಕೋರ್ಸ್ ನೋಡಿಕೊಳ್ಳುವವರನ್ನು ಎದುರಿಗೆ ಕೂತು ಕೇಳಿ. ಫೋನ್ ಎತ್ತುವ ಅಡ್ಮಿಷನ್ ಸಿಬ್ಬಂದಿಗೆ ಇವೆಲ್ಲ ಗೊತ್ತಿರುವುದಿಲ್ಲ. ಈ ಕೋರ್ಸ್ ಮುಗಿಸಿದರೆ ನನ್ನ ರಾಜ್ಯದ ಎಲ್ಲ ಗಂಟೆಗಳೂ ತುಂಬುತ್ತವೆಯಾ? ಕಳೆದ ವರ್ಷ ಎಷ್ಟು ಜನ ಪರೀಕ್ಷೆ ಬರೆದರು, ಎಷ್ಟು ಜನ ಪಾಸಾದರು? ಒಂದು ಕ್ಲಾಸ್ ತಪ್ಪಿದರೆ ಆ ಗಂಟೆಯನ್ನು ಹೇಗೆ ತುಂಬಿಕೊಡುತ್ತೀರಿ? ಈ ಮೂರಕ್ಕೂ ನೇರ ಉತ್ತರ ಬರಬೇಕು.

ಫೀಸ್ ವಿಚಾರ. ಕಾಲೇಜಿನ ವ್ಯಾಪ್ತಿಯಲ್ಲಿ ವಾಸ ಇರುವವರಿಗೆ ಒಂದು ದರ, ಹೊರಗಿನವರಿಗೆ ಇನ್ನೊಂದು. ವ್ಯತ್ಯಾಸ ಎರಡು ಮೂರು ಪಟ್ಟು ಇರಬಹುದು. ಬಾಡಿಗೆ ಕರಾರು, ಕರೆಂಟ್ ಬಿಲ್ ತೆಗೆದುಕೊಂಡು ಹೋಗಿ. ನಿಮ್ಮ ವೀಸಾಗೆ ಒಳಗಿನವರ ದರ ಸಿಗುತ್ತದೆಯಾ ಅಂತ ಬರವಣಿಗೆಯಲ್ಲೇ ಕೇಳಿ. ಸರ್ಕಾರದ ಶಿಕ್ಷಣ ನೆರವು ಗ್ರೀನ್ ಕಾರ್ಡ್ ಇರುವವರಿಗೆ ಸಿಗಬಹುದು, ಎಚ್-4ಗೆ ಸಿಗುವುದಿಲ್ಲ.

ಎಚ್ಚರಿಕೆಯ ಗುರುತುಗಳು: "ಪೂರ್ತಿ ಆನ್‌ಲೈನ್‌ನಲ್ಲೇ ಮುಗಿಸಬಹುದು", "ಪರೀಕ್ಷೆ ಇಲ್ಲದೆ ಲೈಸೆನ್ಸ್ ಕೊಡಿಸುತ್ತೇವೆ", "ಇವತ್ತೇ ಕಟ್ಟಿದರೆ ಡಿಸ್ಕೌಂಟ್". ಇವುಗಳಲ್ಲಿ ಒಂದು ಮಾತು ಬಂದರೂ ಎದ್ದು ಬನ್ನಿ.

## ಹಂತ 4: ಕಾಗದಪತ್ರ

ಇಲ್ಲಿ ನಮ್ಮವರು ಎಡವುವಷ್ಟು ಬೇರೆಯವರು ಎಡವುವುದಿಲ್ಲ. ಕಾರಣ ನಮ್ಮ ಹೆಸರುಗಳು.

ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೋ ಊರ ಹೆಸರೋ ಆಗಿರುತ್ತದೆ. ಕೆಲವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಇಲ್ಲಿನ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಮತ್ತೊಂದು ಥರ. ಕಾಲೇಜಿನ ದಾಖಲೆ, ಪರೀಕ್ಷೆಯ ನೋಂದಣಿ, ಪರೀಕ್ಷೆಯ ದಿನ ತೋರಿಸುವ ಐಡಿ, ಲೈಸೆನ್ಸ್ ಅರ್ಜಿ, ಈ ನಾಲ್ಕರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಕಾಲೇಜಿಗೆ ಸೇರುವ ಮೊದಲೇ ಯಾವ ರೂಪ ಅಂತ ತೀರ್ಮಾನಿಸಿ. ಕೊನೆಯಲ್ಲಿ ತಿದ್ದಲು ಹೋದರೆ ತಿಂಗಳುಗಟ್ಟಲೆ ಓಡಾಟ.

ಪಿಯುಸಿ ಮಾರ್ಕ್ಸ್ ಕಾರ್ಡ್ ತರಿಸಿಕೊಳ್ಳಿ. ಹೈಸ್ಕೂಲ್ ಮುಗಿಸಿದ್ದಕ್ಕೆ ಇಲ್ಲಿ ಅದೇ ಸಾಕ್ಷಿ. ಕೆಲವು ಕಾಲೇಜುಗಳು ಅದನ್ನು ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಲು ಹೇಳುತ್ತವೆ. ಊರಲ್ಲಿ ಅಮ್ಮನ ಬೀರುವಿನಲ್ಲಿದ್ದರೆ ಈಗಲೇ ಹುಡುಕಲು ಹೇಳಿ.

ಕ್ಲಿನಿಕ್, ಅಂದರೆ ಹೊರಗಿನ ಜನರ ಮೇಲೆ ಕೈಯಾರೆ ಅಭ್ಯಾಸ ಮಾಡುವ ಭಾಗ, ಶುರುವಾಗುವ ಮುಂಚೆ ಲಸಿಕೆ ದಾಖಲೆ, ಹಿನ್ನೆಲೆ ತಪಾಸಣೆ, ಸಿಪಿಆರ್ ತರಬೇತಿ ಕೇಳಬಹುದು. ಟಿಬಿ ಪರೀಕ್ಷೆಯೂ ಇರಬಹುದು. ಇದನ್ನು ಗಮನವಿಟ್ಟು ಓದಿ. ನಮ್ಮಲ್ಲಿ ಬಹಳಷ್ಟು ಜನರಿಗೆ ಚಿಕ್ಕಂದಿನಲ್ಲೇ ಬಿಸಿಜಿ ಲಸಿಕೆ ಹಾಕಿಸಿರುತ್ತಾರೆ, ತೋಳಿನ ಮೇಲೆ ಗುರುತೂ ಇರುತ್ತದೆ. ಹಾಗಿದ್ದವರಿಗೆ ಚರ್ಮಕ್ಕೆ ಚುಚ್ಚಿ ನೋಡುವ ಟಿಬಿ ಪರೀಕ್ಷೆ ಸುಮ್ನೆ ಪಾಸಿಟಿವ್ ತೋರಿಸಬಹುದು. ಬಿಸಿಜಿ ಆಗಿದೆ ಅಂತ ಮೊದಲೇ ಹೇಳಿ. ರಕ್ತದಿಂದ ಮಾಡುವ ಐಜಿಆರ್‌ಎ ಪರೀಕ್ಷೆ ಕೇಳಿ. ಅದಕ್ಕೆ ಬಿಸಿಜಿಯಿಂದ ಗೊಂದಲ ಆಗುವುದಿಲ್ಲ.

## ಹಂತ 5: ಸಾಮಾನು

ಮೊದಲ ವಾರವೇ ದುಬಾರಿ ಟೇಬಲ್ ಕೊಳ್ಳಬೇಡಿ. ಕಾಲೇಜಿನ ಟೇಬಲ್ ಮೇಲೆ ಒಂದೆರಡು ತಿಂಗಳು ಕಲಿಯಿರಿ. ನಿಮ್ಮ ಎತ್ತರಕ್ಕೆ ಏನು ಹೊಂದುತ್ತದೆ ಅಂತ ಆಗ ಗೊತ್ತಾಗುತ್ತದೆ. ಕುಳ್ಳಗಿರುವವರು ತುಂಬ ಅಗಲದ ಟೇಬಲ್ ತಂದರೆ ಆ ಕಡೆಯ ಭುಜಕ್ಕೆ ಕೈ ಚಾಚಿ ಚಾಚಿ ಸೊಂಟ ಹೋಗುತ್ತದೆ.

ಬೇಕಾದದ್ದು: ಹತ್ತಿಯ ಬೆಡ್‌ಶೀಟ್ ನಾಲ್ಕು ಜೊತೆ, ಮುಖ ಇಡುವ ದಿಂಬಿಗೆ ಕವರ್, ಮೊಣಕಾಲ ಕೆಳಗೆ ಇಡಲು ಉರುಟು ದಿಂಬು, ಪಂಪ್ ಇರುವ ಎಣ್ಣೆ ಬಾಟಲಿ, ಸ್ಕ್ರಬ್ಸ್ (ಆಸ್ಪತ್ರೆಯವರು ತೊಡುವಂಥ ಸಡಿಲ ಬಟ್ಟೆ), ಮುಚ್ಚಿದ ಶೂ, ನೇಲ್ ಕಟರ್. ಅಂಗೈ ಕಡೆಯಿಂದ ನೋಡಿದರೆ ಉಗುರು ಕಾಣಬಾರದು. ಬಳೆ, ಉಂಗುರ ತೆಗೆದಿಡಿ.

ಎಣ್ಣೆಯ ಬಗ್ಗೆ ಎರಡು ಮಾತು. ನಮಗೆ ಎಳ್ಳೆಣ್ಣೆ, ಬಾದಾಮಿ ಎಣ್ಣೆ ಅಂದರೆ ಅಭ್ಯಂಜನದ ನೆನಪು, ಕೈ ಅದರ ಕಡೆಗೇ ಹೋಗುತ್ತದೆ. ಆದರೆ ಇಲ್ಲಿ ಈ ಎರಡಕ್ಕೂ ಅಲರ್ಜಿ ಇರುವವರಿದ್ದಾರೆ. 2023ರಿಂದ ಎಳ್ಳನ್ನು ಆಹಾರದ ಮುಖ್ಯ ಅಲರ್ಜಿಗಳ ಪಟ್ಟಿಗೇ ಸೇರಿಸಿದ್ದಾರೆ. ವಾಸನೆ ಇಲ್ಲದ, ಎಳ್ಳು ಬಾದಾಮಿಯಂಥವು ಸೇರದ ಕ್ರೀಮ್ ಇಟ್ಟುಕೊಳ್ಳಿ. ಏನೇ ಹಚ್ಚುವ ಮೊದಲು ಕೇಳಿ.

ಇನ್ನೊಂದು ಅಪಾಯದ ವಿಷಯ. ಎಣ್ಣೆ ಹಿಡಿದ ಬೆಡ್‌ಶೀಟನ್ನು ಡ್ರೈಯರ್‌ನಿಂದ ತೆಗೆದು ಬಿಸಿಬಿಸಿ ಇರುವಾಗಲೇ ಗುಡ್ಡೆ ಹಾಕಿದರೆ ತಾನಾಗೇ ಬೆಂಕಿ ಹೊತ್ತಿಕೊಳ್ಳಬಹುದು. ಬಿಸಿನೀರು, ಜಿಡ್ಡು ತೆಗೆಯುವ ಸೋಪು ಹಾಕಿ ಒಗೆಯಿರಿ. ಪೂರ್ತಿ ತಣಿಸಿ ಮಡಿಸಿ. ಒಗೆದ ಮೇಲೂ ಎಣ್ಣೆ ವಾಸನೆ ಉಳಿದಿದ್ದರೆ ಡ್ರೈಯರ್‌ಗೆ ಹಾಕಬೇಡಿ.

## ಹಂತ 6: ಅನಾಟಮಿಯನ್ನು ಕೈಯಿಂದ ಕಲಿಯಿರಿ

ಪಿಯುಸಿ ಓದಿದಂತೆ ಇಲ್ಲಿ ಬಾಯಿಪಾಠ ಮಾಡಿದರೆ ನಡೆಯುವುದಿಲ್ಲ. ಪ್ರತಿ ಸ್ನಾಯುವಿಗೂ ನಾಲ್ಕು ಪ್ರಶ್ನೆ: ಎಲ್ಲಿ ಶುರು, ಎಲ್ಲಿ ಅಂಟಿಕೊಳ್ಳುತ್ತದೆ, ಏನು ಮಾಡುತ್ತದೆ, ಅದರ ನಾರಿನ ಎಳೆಗಳು ಯಾವ ದಿಕ್ಕಿಗಿವೆ. ಉತ್ತರ ಬೆರಳಿನ ತುದಿಗೆ ಬರಬೇಕು.

ನಾನು ಮಾಡಿದ್ದು ಹೀಗೆ. ತೊಳೆದರೆ ಹೋಗುವ ಮಾರ್ಕರ್ ತಂದೆ. ರಾತ್ರಿ ಊಟ ಆದ ಮೇಲೆ ಗಂಡನ ಬೆನ್ನ ಮೇಲೆ ದಿನಕ್ಕೆ ಎರಡು ಸ್ನಾಯು ಬರೆಯುತ್ತಿದ್ದೆ. ಒಂದು ದಿನ ಲಿವೇಟರ್ ಸ್ಕ್ಯಾಪ್ಯುಲೇ. ಕತ್ತಿನ ಬದಿಯಿಂದ ಇಳಿದು ಭುಜದ ರೆಕ್ಕೆಯ ಮೂಳೆಯ ಮೇಲ್ಮೂಲೆಗೆ ಬಂದು ಅಂಟಿಕೊಳ್ಳುತ್ತದೆ. "ಭುಜ ಮೇಲೆತ್ತಿ" ಅಂದೆ. ಬೆರಳಿನ ಕೆಳಗೆ ಹಗ್ಗದ ಥರ ಗಟ್ಟಿಯಾಯಿತು. ದಿನವಿಡೀ ಲ್ಯಾಪ್‌ಟಾಪ್ ನೋಡುವವರು "ಇಲ್ಲೇ ನೋವು" ಅಂತ ಕೈಯಿಡುವ ಜಾಗವೂ ಅದೇ. ಆಮೇಲೆ ಆ ಹೆಸರು ಮರೆಯಲೇ ಇಲ್ಲ.

ಲ್ಯಾಟಿನ್ ಹೆಸರುಗಳಿಗೆ ಹೆದರಬೇಡಿ. "ಸುಪ್ರಾ" ಅಂದರೆ ಮೇಲೆ, "ಇನ್‌ಫ್ರಾ" ಅಂದರೆ ಕೆಳಗೆ, "ಸಬ್" ಅಂದರೆ ಅಡಿಯಲ್ಲಿ. ಇಂಥ ಇಪ್ಪತ್ತು ಮೂವತ್ತು ತುಂಡು ಗೊತ್ತಾದರೆ ಉಳಿದವು ತಾವಾಗೇ ಬಿಡಿಸಿಕೊಳ್ಳುತ್ತವೆ.

## ಹಂತ 7: ಕೈ ಉಳಿಸಿಕೊಳ್ಳುವುದು

ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಸ್ವೀಡಿಷ್ ಮಸಾಜ್‌ನಲ್ಲಿ ಐದು ಮೂಲ ಕ್ರಿಯೆಗಳಿವೆ. ಉದ್ದಕ್ಕೆ ನೀವುವುದು, ಹಿಟ್ಟು ನಾದಿದಂತೆ ಹಿಡಿದು ಬಿಡುವುದು, ಒಂದೇ ಕಡೆ ಆಳವಾಗಿ ಉಜ್ಜುವುದು, ತಟ್ಟುವುದು, ನಡುಗಿಸುವುದು. ನೋಡಲು ಸುಲಭ. ಮನೆಯಲ್ಲಿ ಬಾಣಂತಿಗೆ ಎಣ್ಣೆ ತಿಕ್ಕಿದ ಅನುಭವ ಇದ್ದವರಿಗೆ ಇನ್ನೂ ಸುಲಭ ಅನ್ನಿಸುತ್ತದೆ. ಅಲ್ಲೇ ತೊಂದರೆ. ಮನೆಯಲ್ಲಿ ಒಬ್ಬರಿಗೆ ಮಾಡುತ್ತೇವೆ, ಬೆರಳಿನ ಬಲದಿಂದ ಮಾಡುತ್ತೇವೆ. ಇಲ್ಲಿ ವಾರಕ್ಕೆ ಹತ್ತಾರು ಜನ. ಬೆರಳು ತಡೆಯುವುದಿಲ್ಲ.

ಎರಡನೇ ಸೆಮಿಸ್ಟರ್ ಹೊತ್ತಿಗೆ ನನಗೆ ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಚಳುಕು. ಕಲಿಸುತ್ತಿದ್ದವರು ನನ್ನ ಹಿಂದೆ ನಿಂತು ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಹಿಂಗಾಲು ಏನು ಮಾಡುತ್ತಿದೆ?" ಏನೂ ಮಾಡುತ್ತಿರಲಿಲ್ಲ. ಎರಡೂ ಪಾದ ಜೋಡಿಸಿ, ಸೊಂಟ ಬಗ್ಗಿಸಿ, ಬರೀ ಕೈಯಿಂದ ಒತ್ತುತ್ತಿದ್ದೆ.

ಕೆಟ್ಟು ನಿಂತ ಕಾರು ತಳ್ಳುವುದನ್ನು ನೆನಪಿಸಿಕೊಳ್ಳಿ. ಒಂದು ಕಾಲು ಮುಂದೆ, ಒಂದು ಹಿಂದೆ. ಕೈ ಹೆಚ್ಚುಕಡಿಮೆ ನೆಟ್ಟಗೆ. ಬಲ ಹಿಂಗಾಲಿನಿಂದ ಹೊರಟು ಸೊಂಟ, ಭುಜ ದಾಟಿ ಅಂಗೈಗೆ ಬರುತ್ತದೆ. ಮಸಾಜ್‌ನಲ್ಲೂ ಅದೇ ನಿಲುವು. ಒತ್ತಬೇಡಿ, ಮೈಭಾರ ಒರಗಿಸಿ.

ಟೇಬಲ್ ಎತ್ತರ ನೋಡಿ. ಪಕ್ಕದಲ್ಲಿ ನೆಟ್ಟಗೆ ನಿಂತು ಕೈ ಸಡಿಲ ಬಿಡಿ, ಮುಷ್ಟಿ ಹಿಡಿಯಿರಿ. ಗೆಣ್ಣು ಟೇಬಲ್‌ಗೆ ತಾಗುವಂತಿರಲಿ. ಮಲಗುವವರು ದಪ್ಪ ಇದ್ದರೆ ಟೇಬಲ್ಲನ್ನು ಇನ್ನೊಂದು ಹಂತ ಇಳಿಸಿ. ಎತ್ತರ ಜಾಸ್ತಿಯಾದರೆ ಭುಜ ಕಿವಿಯ ಹತ್ತಿರ ಹೋಗುತ್ತದೆ. ಅದೇ ಗುರುತು.

ಹೆಬ್ಬೆರಳನ್ನು ಬೇರೆ ಬೆರಳುಗಳಿಂದ ದೂರ ಚಾಚಿ ಒತ್ತಬೇಡಿ. ಬಳಸಲೇಬೇಕಾದರೆ ಇನ್ನೊಂದು ಕೈಯನ್ನು ಅದರ ಮೇಲಿಡಿ. ಬೆನ್ನು, ತೊಡೆಯಂಥ ದೊಡ್ಡ ಜಾಗಕ್ಕೆ ಮುಂಗೈ, ಸಡಿಲ ಮುಷ್ಟಿ ಸಾಕು. ಮಣಿಕಟ್ಟು ಪೂರ್ತಿ ಹಿಂದಕ್ಕೆ ಮಡಚಿ ಭಾರ ಹಾಕಬೇಡಿ. ನಿಮ್ಮ ಉಸಿರು ಕಟ್ಟಿದ್ದರೆ, ಹಲ್ಲು ಕಚ್ಚಿದ್ದರೆ, ನಿಲುವು ತಪ್ಪಿದೆ ಅಂತ ಅರ್ಥ. ನಿಲ್ಲಿಸಿ, ಪಾದ ಸರಿ ಮಾಡಿ, ಮತ್ತೆ ಶುರು ಮಾಡಿ.

## ಹಂತ 8: ಹೊದಿಕೆ, ಒಪ್ಪಿಗೆ, ಮುಜುಗರ

ಕ್ಲಾಸಿನಲ್ಲಿ ಎಲ್ಲರೂ ಎಲ್ಲರ ಮೇಲೆ ಅಭ್ಯಾಸ ಮಾಡುತ್ತಾರೆ. ಗಂಡಸು ಹೆಂಗಸು ಅಂತ ಭೇದ ಇರುವುದಿಲ್ಲ. ನೀವೂ ಬಟ್ಟೆ ಬದಲಿಸಿ ಶೀಟಿನ ಕೆಳಗೆ ಮಲಗಬೇಕಾಗುತ್ತದೆ. ನಮ್ಮ ಮನೆಗಳಿಂದ ಬಂದವರಿಗೆ ಇದು ದೊಡ್ಡ ವಿಷಯ. ಅದನ್ನು ಬಚ್ಚಿಡುವುದು ಬೇಡ. ಸೇರುವ ಮೊದಲೇ ಮನೆಯಲ್ಲಿ ಮಾತಾಡಿ, ಕಲಿಸುವವರ ಹತ್ತಿರವೂ ಮಾತಾಡಿ. ಎಷ್ಟು ಬಟ್ಟೆ ತೆಗೆಯಬೇಕು ಅನ್ನುವುದನ್ನು ಮಲಗುವವರೇ ತೀರ್ಮಾನಿಸಬೇಕು.

ಕೆಲಸ ನಡೆಯುತ್ತಿರುವ ಭಾಗ ಮಾತ್ರ ತೆರೆದಿರುತ್ತದೆ. ಕಾಲಿಗೆ ಮಾಡುವಾಗ ಶೀಟನ್ನು ತೊಡೆಯ ಸುತ್ತ ಬಿಗಿಯಾಗಿ ಸಿಕ್ಕಿಸುತ್ತೀರಿ. ಮುಗಿದ ತಕ್ಷಣ ಹೊದಿಸಿ ಮುಂದಕ್ಕೆ ಹೋಗುತ್ತೀರಿ. ಹೊಸಬರು ಅರ್ಧಕ್ಕೇ ಗಡಿಬಿಡಿ ಮಾಡುತ್ತಾರೆ. ಮನೆಯಲ್ಲಿ ಒಬ್ಬರನ್ನು ಬಟ್ಟೆ ಸಮೇತ ಮಲಗಿಸಿ, ಬರೀ ಹೊದಿಸುವುದನ್ನೇ ಐವತ್ತು ಸಲ ಮಾಡಿ.

ಯಾರಾದರೂ ಅಸಭ್ಯವಾಗಿ ಮಾತಾಡಿದರೆ, ಕೈ ಚಾಚಿದರೆ, ಆ ಕ್ಷಣವೇ ನಿಲ್ಲಿಸುವ ಹಕ್ಕು ನಿಮಗಿದೆ. "ಈ ಸೆಷನ್ ಇಲ್ಲಿಗೆ ಮುಗಿಯಿತು" ಅಂತ ಹೇಳಿ ಹೊರಗೆ ಬನ್ನಿ, ಮೇಲಿನವರಿಗೆ ತಿಳಿಸಿ, ಬರೆದಿಡಿ. ಈ ಒಂದು ವಾಕ್ಯವನ್ನು ಇಂಗ್ಲಿಷ್‌ನಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ. ಬೇಕಾದಾಗ ಬಾಯಿಗೆ ಬರಬೇಕು.

## ಹಂತ 9: ಕೈ ಇಡಬಾರದ ಸಂದರ್ಭಗಳು

ಒಂದೇ ಕಾಲಿನ ಮೀನಖಂಡ ಊದಿದೆ, ಕೆಂಪಾಗಿದೆ, ಮುಟ್ಟಿದರೆ ಬಿಸಿ, ನೋವು. ಇದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು. ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಮಸಾಜ್ ಬೇಡ, ಕೂಡಲೇ ಡಾಕ್ಟರ್ ಹತ್ತಿರ ಕಳಿಸಿ. ಉದ್ದದ ವಿಮಾನ ಪ್ರಯಾಣದ ನಂತರವೂ ಇದು ಆಗಬಹುದು. ಬೆಂಗಳೂರಿನಿಂದ ಈಗಷ್ಟೇ ಬಂದಿಳಿದ ಅತ್ತೆಯೋ ಅಮ್ಮನೋ ಕಾಲು ನೋವು ಅಂದಾಗ ನೆನಪಿರಲಿ.

ಜ್ವರ ಇದ್ದರೆ, ಅಂಟುವ ಚರ್ಮರೋಗ ಇದ್ದರೆ ಮುಂದಕ್ಕೆ ಹಾಕಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಹಗುರ ಕೈ. ಹಳೆಯ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ "ಇನ್ನೂ ಜೋರಾಗಿ" ಅನ್ನುವ ಮಾತನ್ನು ನಂಬಬೇಡಿ. ಕತ್ತಿನ ಮುಂಭಾಗ, ಕಂಕುಳು, ತೊಡೆಸಂದು, ಮೊಣಕಾಲಿನ ಹಿಂದಿನ ಕುಳಿ, ಇಲ್ಲೆಲ್ಲ ರಕ್ತನಾಳ ಮತ್ತು ನರಗಳಿಗೆ ರಕ್ಷಣೆ ಕಡಿಮೆ. ಆಳವಾಗಿ ಒತ್ತುವ ಜಾಗವಲ್ಲ.

## ಹಂತ 10: ಗಂಟೆ ಲೆಕ್ಕ ಮತ್ತು ಕ್ಲಿನಿಕ್

ಪರೀಕ್ಷೆಯಲ್ಲಿ ಎ ಗ್ರೇಡ್ ಬಂದರೂ ಗಂಟೆ ಕಡಿಮೆಯಿದ್ದರೆ ಪ್ರಯೋಜನವಿಲ್ಲ. ಸ್ವಂತ ಡೈರಿ ಇಡಿ: ದಿನಾಂಕ, ವಿಷಯ, ಗಂಟೆ. ತಿಂಗಳಿಗೊಮ್ಮೆ ಕಾಲೇಜಿನ ಲೆಕ್ಕದ ಜೊತೆ ತಾಳೆ ನೋಡಿ. ಡಿಸೆಂಬರ್‌ನಲ್ಲಿ ಊರಿಗೆ ಟಿಕೆಟ್ ಮಾಡಿಸುವ ಮುಂಚೆ ಸೆಮಿಸ್ಟರ್ ಕ್ಯಾಲೆಂಡರ್ ನೋಡಿ. ಮದುವೆ ಅಂತ ಮೂರು ವಾರ ಹೋಗಿ ಬಂದು ಇಡೀ ಕೋರ್ಸ್ ಒಂದು ವರ್ಷ ಹಿಂದೆ ಬಿದ್ದವರನ್ನು ನೋಡಿದ್ದೇನೆ.

ಕ್ಲಿನಿಕ್‌ನಲ್ಲಿ ಪ್ರತಿ ಸೆಷನ್ ಆದ ಮೇಲೆ ಸೋಪ್ (SOAP) ನೋಟ್ ಅನ್ನುವ ನಾಲ್ಕು ಭಾಗದ ದಾಖಲೆ ಬರೆಯಬೇಕು. ಅವರು ಏನು ಹೇಳಿದರು, ನೀವು ಏನು ಕಂಡಿರಿ, ಅದರಿಂದ ಏನು ಅಂದುಕೊಂಡಿರಿ, ಮುಂದೆ ಏನು. ಅದೇ ಹೊತ್ತಿಗೆ ಬರೆಯಿರಿ. ರೋಗದ ಹೆಸರು ನೀವು ಹೇಳಬೇಡಿ, ಅದು ಡಾಕ್ಟರ್ ಕೆಲಸ.

## ಹಂತ 11: ಎಂಬ್ಲೆಕ್ಸ್ ಪರೀಕ್ಷೆ

ಮಸಾಜ್ ಲೈಸೆನ್ಸ್‌ಗಾಗಿ ಹೆಚ್ಚಿನ ರಾಜ್ಯಗಳು ಕೇಳುವ ಪರೀಕ್ಷೆ ಇದು (MBLEx). 100 ಪ್ರಶ್ನೆ, 110 ನಿಮಿಷ, ಪಿಯರ್ಸನ್ ವ್ಯೂ ಕೇಂದ್ರದ ಕಂಪ್ಯೂಟರ್ ಮೇಲೆ. ಶುಲ್ಕ 265 ಡಾಲರ್, ಕಟ್ಟುವ ದಿನ ಮತ್ತೊಮ್ಮೆ ನೋಡಿಕೊಳ್ಳಿ. ಬಿಟ್ಟ ಪ್ರಶ್ನೆಗೆ ಹಿಂದೆ ಹೋಗುವ ಹಾಗಿಲ್ಲ. ಫೇಲಾದರೆ 30 ದಿನ ಕಾಯಬೇಕು, ಶುಲ್ಕ ಮತ್ತೆ ಕಟ್ಟಬೇಕು.

ಫೇಲಾಗುವ ಕಾರಣ ಹೆಚ್ಚಾಗಿ ಒಂದೇ: ಬರೀ ಅನಾಟಮಿ ಓದಿರುತ್ತಾರೆ. ಪ್ರಶ್ನೆಗಳ ಹಂಚಿಕೆ ನೋಡಿ. ಅನಾಟಮಿ ಮತ್ತು ಫಿಸಿಯಾಲಜಿ ಶೇ. 11, ಕಿನಿಸಿಯಾಲಜಿ 12, ಪೆಥಾಲಜಿ ಮತ್ತು ಎಚ್ಚರಿಕೆ 14, ತಂತ್ರಗಳ ಪರಿಣಾಮ 15, ಕ್ಲೈಂಟ್ ಪರಿಶೀಲನೆ ಮತ್ತು ಯೋಜನೆ 17, ನೀತಿ ಮತ್ತು ಕಾನೂನು 16, ವೃತ್ತಿಯ ನಿಯಮಗಳು 15. ಕೊನೆಯ ಮೂರೇ ಸೇರಿ ಶೇ. 48.

ನೀತಿಯ ಪ್ರಶ್ನೆಗಳಲ್ಲಿ ನಮ್ಮವರು ಸಂಕೋಚದಿಂದ ತಪ್ಪುತ್ತಾರೆ. ಕ್ಲೈಂಟ್ ಉಡುಗೊರೆ ಕೊಟ್ಟರೆ, ಊಟಕ್ಕೆ ಕರೆದರೆ ಏನು ಮಾಡುತ್ತೀರಿ? ನಮ್ಮ ಮನಸ್ಸು "ಬೇಡ ಅಂದರೆ ಬೇಜಾರಾಗುತ್ತದೆ" ಅನ್ನುತ್ತದೆ. ಪರೀಕ್ಷೆಗೆ ಬೇಕಾದ ಉತ್ತರ ಗಡಿ ಕಾಯುವ ಉತ್ತರ. ಕೋರ್ಸ್ ಮುಗಿದ ಒಂದೆರಡು ತಿಂಗಳೊಳಗೆ ಬರೆದುಬಿಡಿ, ತಡವಾದಷ್ಟೂ ಮರೆತುಹೋಗುತ್ತದೆ.

## ಹಂತ 12: ಅರ್ಜಿ, ಮತ್ತು ಮೊದಲ ವರ್ಷ

ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್, ಪರೀಕ್ಷೆಯ ಫಲಿತಾಂಶ, ಬೆರಳಚ್ಚು, ಶುಲ್ಕ. ಟೆಕ್ಸಸ್‌ನಲ್ಲಿ ರಾಜ್ಯದ ಕಾನೂನಿನ ಬಗ್ಗೆ ಸಣ್ಣ ಪರೀಕ್ಷೆಯೂ ಇದೆ. ಬೆರಳಚ್ಚನ್ನು ತುಂಬ ಮೊದಲೇ ಕೊಟ್ಟರೆ ಅವಧಿ ಮೀರಬಹುದು, ಅರ್ಜಿಯ ಹೊತ್ತಿಗೆ ಕೊಡಿ. ಲೈಸೆನ್ಸ್ ಕೈಗೆ ಬಂದ ಮೇಲೆ, ಮೊದಲ ಕ್ಲೈಂಟ್‌ಗೆ ಮುಂಚೆ, ಹೊಣೆಗಾರಿಕೆ ವಿಮೆ ಮಾಡಿಸಿ. ಎಎಂಟಿಎ, ಎಬಿಎಂಪಿ ಸಂಘಗಳ ಸದಸ್ಯತ್ವದ ಜೊತೆಗೇ ಅದು ಬರುತ್ತದೆ. ನವೀಕರಣದ ದಿನಾಂಕ ಫೋನಿನಲ್ಲಿ ಹಾಕಿಡಿ. ಇಲಿನಾಯ್‌ನಲ್ಲಿ ಸಮಸಂಖ್ಯೆಯ ವರ್ಷದ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಟೆಕ್ಸಸ್‌ನಲ್ಲಿ ಎರಡು ವರ್ಷಕ್ಕೊಮ್ಮೆ.

ಕೆಲಸ ಸಿಕ್ಕ ಖುಷಿಯಲ್ಲಿ ದಿನಕ್ಕೆ ಆರು ಏಳು ಜನರನ್ನು ಒಪ್ಪಿಕೊಳ್ಳಬೇಡಿ. ಮೊದಲ ಮೂರು ತಿಂಗಳು ದಿನಕ್ಕೆ ಮೂರು, ಹೆಚ್ಚೆಂದರೆ ನಾಲ್ಕು. ನಡುವೆ 15 ನಿಮಿಷ ಬಿಡುವು. ಬೆಳಿಗ್ಗೆ ಎದ್ದಾಗ ಬೆರಳು ಜೋಮು ಹಿಡಿದಿದ್ದರೆ, ಕಾಫಿ ಲೋಟ ಕೈಯಿಂದ ಜಾರಿದರೆ, ಆ ವಾರದ ಅಪಾಯಿಂಟ್‌ಮೆಂಟ್ ಅರ್ಧ ಮಾಡಿ ಡಾಕ್ಟರ್‌ಗೆ ತೋರಿಸಿ. ಎಣ್ಣೆ ಹಚ್ಚಿಕೊಂಡು ನೋಡೋಣ ಅಂತ ಒಂದು ತಿಂಗಳು ಕಾಯಬೇಡಿ.